ಸೂಜಿ ಚುಚ್ಚಿದ್ದೂ ಸೋಮವಾರ, ರಿಪೋರ್ಟ್ ಬಂದದ್ದೂ ಸೋಮವಾರ

ಕೊಪ್ಪಳ ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ ನಾನು ಲ್ಯಾಬ್ ಟೆಕ್ನಿಷಿಯನ್. ರಕ್ತ ತೆಗೆಯುವುದು, ಟೆಸ್ಟ್ ಮಾಡುವುದು, ರಿಪೋರ್ಟ್ ಕೊಡುವುದು ನನ್ನ ಕೆಲಸ. ಔಷಧ ಬರೆಯುವುದು ವೈದ್ಯರ ಕೆಲಸ. ಆದರೆ ರಿಪೋರ್ಟ್ ಕೈಗೆ ಬಂದ ಕೂಡಲೇ ಜನ ಮೊದಲು ಕೇಳುವುದು ನಮ್ಮನ್ನೇ. "ಏನ್ ಬಂದೈತ್ರಿ?" ಅಂತ. ಕಿಟಕಿಯ ಹತ್ತಿರ ಸುಮ್ನೆ ಹೇಳಿದ ಒಂದು ಮಾತು ಒಂದು ಮನೆಯೊಳಗೆ ಹೋಗಿ ಏನೆಲ್ಲ ಮಾಡುತ್ತದೆ ಅನ್ನುವುದನ್ನು ಈ ಪ್ರಕರಣದಲ್ಲಿ ಕಣ್ಣಾರೆ ಕಂಡೆ. ಅದಕ್ಕೇ ಬರೆಯುತ್ತಿದ್ದೇನೆ.

ಇದು ಒಬ್ಬ ಪೌರಕಾರ್ಮಿಕ ಅಕ್ಕನ ಪ್ರಕರಣ. ಅವರನ್ನು ಕೇಳಿಯೇ ಬರೆದಿದ್ದೇನೆ. ಹೆಸರು, ಊರು, ಆಸ್ಪತ್ರೆ, ಲ್ಯಾಬು ಯಾವುದನ್ನೂ ಹೇಳುವುದಿಲ್ಲ. ವಯಸ್ಸು ನಲವತ್ತು ದಾಟಿದೆ. ನಮ್ಮ ಬೀದಿಯಲ್ಲಿ ಎಲ್ಲರೂ ಅವರನ್ನು ಅಕ್ಕ ಅಂತಲೇ ಕರೆಯುವುದು, ಇಲ್ಲೂ ಹಾಗೇ ಇರಲಿ.

ಸೋಮವಾರ

ಜನವರಿ ಕೊನೆ. ಗವಿಮಠದ ಜಾತ್ರೆ ಮುಗಿದಿತ್ತು. ಬೆಳಿಗ್ಗೆ ಆರೂವರೆಗೆ ಅಕ್ಕ ಒಂದು ಓಣಿಯಲ್ಲಿ ಕಸ ಎತ್ತುತ್ತಿದ್ದರು. ಬಾಯಿ ಗಂಟು ಹಾಕಿದ ಕರಿ ಪ್ಲಾಸ್ಟಿಕ್ ಚೀಲ. ಎತ್ತಿ ಗಾಡಿಗೆ ಹಾಕುವಾಗ ಬಲಗೈ ಹೆಬ್ಬೆರಳಿನ ಬುಡಕ್ಕೆ ಚುರ್ ಅಂದಿತು. ಕೈಗೆ ಗ್ಲೌಸ್ ಇತ್ತು, ಆದರೆ ಬಟ್ಟೆಯದ್ದು. ಬಿಚ್ಚಿ ನೋಡಿದರೆ ಒಂದು ಹನಿ ರಕ್ತ. ಚೀಲದಿಂದ ಸೂಜಿ ಹೊರಗೆ ಇಣುಕುತ್ತಿತ್ತು. ನೀಲಿ ಬುಡದ ಸೂಜಿ, 2 ಎಂಎಲ್ ಸಿರಿಂಜ್‌ಗೆ ಇನ್ನೂ ಸಿಕ್ಕಿಸಿಯೇ ಇತ್ತು. ಸಿರಿಂಜ್ ಒಳಗೆ ಕಂದು ಬಣ್ಣದ ಒಣಗಿದ ಕಲೆ.

ಅಂಥ ಸೂಜಿ ಮನೆ ಕಸದ ಚೀಲದಲ್ಲಿ ಇರಲೇಬಾರದು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಸೂಜಿ, ಬ್ಲೇಡು ಎಲ್ಲ ಚುಚ್ಚಿದರೂ ತೂತಾಗದ ಬಿಳಿ ಡಬ್ಬಕ್ಕೇ ಹೋಗಬೇಕು. ಯಾರೋ ಒಬ್ಬರು ಆ ಡಬ್ಬದವರೆಗೆ ಕೈ ಚಾಚಲಿಲ್ಲ. ಅದರ ಬೆಲೆ ಕಟ್ಟಿದ್ದು ಅಕ್ಕ. ಇದನ್ನು ಬರೆಯುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ.

ಅಕ್ಕ ಬೆರಳು ಹಿಂಡಿ ಹಿಂಡಿ ರಕ್ತ ತೆಗೆದರು. ಮೇಲೆ ಸುಣ್ಣ ಹಚ್ಚಿಕೊಂಡರು. ಎರಡೂ ಬೇಡವಾಗಿತ್ತು. ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದರೆ ಸಾಕು. ಹಿಂಡುವುದರಿಂದ ಏನೂ ಉಪಯೋಗವಿಲ್ಲ, ಸುಣ್ಣ, ಬ್ಲೀಚಿಂಗ್ ಪೌಡರ್ ಹಚ್ಚಿದರೆ ಚರ್ಮ ಸುಡುತ್ತದೆ ಅಷ್ಟೆ.

ಮೇಸ್ತ್ರಿ ಒಳ್ಳೆಯ ಮನುಷ್ಯ. ಕೆಲಸ ನಿಲ್ಲಿಸಿ, ತನ್ನ ಗಾಡಿಯಲ್ಲೇ ಕೂರಿಸಿಕೊಂಡು ಹತ್ತು ಗಂಟೆ ಹೊತ್ತಿಗೆ ಒಂದು ಖಾಸಗಿ ಲ್ಯಾಬಿಗೆ ಕರೆದುಕೊಂಡು ಹೋದ. ಕೂಡಲೇ ಉತ್ತರ ಕೊಡುವ ಕಾರ್ಡ್ ಟೆಸ್ಟ್ ಮಾಡಿದರು. ಲಿವರ್‌ಗೆ ಬರುವ ಸೋಂಕುಗಳಾದ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಜೊತೆಗೆ ಎಚ್‌ಐವಿ, ಮೂರೂ ನೆಗೆಟಿವ್. "ಏನೂ ಇಲ್ಲ, ಎಲ್ಲ ಚೊಲೊ ಐತಿ, ಅರಾಮ ಇರ್ರಿ" ಅಂದರಂತೆ. ಚುಚ್ಚಿ ಮೂರೂವರೆ ಗಂಟೆ ಆಗಿತ್ತು. ಅಕ್ಕ ಮಧ್ಯಾಹ್ನ ಮತ್ತೆ ಕೆಲಸಕ್ಕೆ ಹೋದರು.

ಬುಧವಾರ ಸಂಜೆ

ನನಗೆ ವಿಷಯ ಗೊತ್ತಾಗಿದ್ದು ಬುಧವಾರ ಸಂಜೆ ಆರು ಗಂಟೆಗೆ. ಅಕ್ಕ ಮೊಮ್ಮಗಳ ಜ್ವರಕ್ಕೆ ರಕ್ತ ಕೊಡಿಸಲು ಬಂದಿದ್ದರು. ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು.

"ಏನಾತಕ್ಕಾ ಕೈಗೆ?"

"ಸೂಜಿ ಚುಚ್ಚಿತ್ತು ತಮ್ಮಾ. ಚೆಕ್ ಮಾಡ್ಸೀನಿ, ನೆಗೆಟಿವ್ ಬಂದೈತಿ."

ಸೀರೆಯ ಸೆರಗಿನಿಂದ ಮಡಚಿದ ರಿಪೋರ್ಟ್ ತೆಗೆದು ಕೊಟ್ಟರು. ಚುಚ್ಚಿದ್ದು ಯಾವಾಗ ಅಂತ ಕೇಳಿದೆ. ಸೋಮವಾರ ಅಂದರು. ರಿಪೋರ್ಟಿನ ಮೇಲಿನ ತಾರೀಖು ನೋಡಿದೆ. ಅದೂ ಸೋಮವಾರ. ನನ್ನ ಎದೆ ಧಸಕ್ಕೆಂದಿತು.

ಆ ರಿಪೋರ್ಟ್ ಸುಳ್ಳಲ್ಲ. ಕಾರ್ಡು ಕೆಟ್ಟದ್ದೂ ಅಲ್ಲ. ಆದರೆ ಅದು ಉತ್ತರ ಕೊಟ್ಟಿದ್ದು ಬೇರೆ ಪ್ರಶ್ನೆಗೆ. "ಈ ಸೂಜಿಗಿಂತ ಮೊದಲು ನಿಮ್ಮ ಮೈಯಲ್ಲಿ ಸೋಂಕು ಇತ್ತೋ ಇಲ್ಲವೋ" ಅನ್ನುವುದಕ್ಕೆ ಅದು ಉತ್ತರ. "ಈ ಸೂಜಿಯಿಂದ ಬಂತೋ ಇಲ್ಲವೋ" ಅನ್ನುವುದನ್ನು ಆವತ್ತು ಜಗತ್ತಿನ ಯಾವ ಮಷೀನೂ ಹೇಳಲಾರದು.

ಯಾಕೆ ಅಂದರೆ, ವೈರಸ್ ಒಳಗೆ ಹೋದ ಕೂಡಲೇ ರಕ್ತದಲ್ಲಿ ಕಾಣುವುದಿಲ್ಲ. ಲಿವರ್‌ಗೆ ಹೋಗಿ ಕೂತು ಮರಿ ಮಾಡಬೇಕು. ಹೆಪಟೈಟಿಸ್ ಬಿ ಟೆಸ್ಟಿನಲ್ಲಿ ನಾವು ಹುಡುಕುವುದು ವೈರಸ್ಸಿನ ಮೇಲ್ಮೈಯ ಒಂದು ಪ್ರೋಟೀನನ್ನು, ಎಚ್‌ಬಿಎಸ್‌ಎಜಿ ಅಂತ ಬರೆಯುತ್ತೇವಲ್ಲ ಅದು. ಅದು ರಕ್ತದಲ್ಲಿ ಸಿಗುವಷ್ಟು ಆಗಲು ಸಾಮಾನ್ಯವಾಗಿ 4 ವಾರ ಬೇಕು. ಬೇಗ ಅಂದರೆ ಒಂದು ವಾರಕ್ಕೆ ಕಾಣಬಹುದು, ತಡ ಅಂದರೆ 9-10 ವಾರ ಹಿಡಿಯಬಹುದು. ಹೆಪಟೈಟಿಸ್ ಸಿ ಇನ್ನೂ ನಿಧಾನ. ಅದರ ಸಾಮಾನ್ಯ ಟೆಸ್ಟ್ ವೈರಸ್ಸನ್ನು ಹುಡುಕುವುದೇ ಇಲ್ಲ, ವೈರಸ್ಸಿನ ವಿರುದ್ಧ ನಮ್ಮ ಮೈ ತಯಾರಿಸುವ ಆಂಟಿಬಾಡಿಯನ್ನು ಹುಡುಕುತ್ತದೆ. ಆ ಆಂಟಿಬಾಡಿ ಬರಲು ಹೆಚ್ಚಿನವರಿಗೆ 8ರಿಂದ 11 ವಾರ ಬೇಕು. ಕೆಲವರಿಗೆ 6 ತಿಂಗಳವರೆಗೂ ತಡವಾಗುತ್ತದೆ. ಸೋಂಕು ಒಳಗಿದ್ದೂ ಟೆಸ್ಟ್‌ಗೆ ಸಿಗದ ಈ ಅವಧಿಯನ್ನೇ ವಿಂಡೋ ಪೀರಿಯಡ್ ಅನ್ನುವುದು.

ಇಷ್ಟನ್ನೂ ಅಕ್ಕನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು ಅಂದರು: "ಬಿತ್ತಿದ ಮರುದಿನ ಹೊಲಕ್ಕ ಹೋಗಿ, ಪೈರು ಇಲ್ಲಲ್ಲ ಅಂದಂಗಾತು."

ಅದೇ. ನಾನು ಇಷ್ಟು ವರ್ಷ ಹೇಳಿಕೊಂಡು ಬಂದದ್ದಕ್ಕಿಂತ ಅದು ಚೆನ್ನಾಗಿತ್ತು. ಈಗ ಎಲ್ಲರಿಗೂ ಅದನ್ನೇ ಹೇಳುತ್ತೇನೆ.

ಆದರೆ ಆ ಸಂಜೆ ನನ್ನ ಚಿಂತೆ ಟೆಸ್ಟಿನದ್ದಾಗಿರಲಿಲ್ಲ, ಗಡಿಯಾರದ್ದಾಗಿತ್ತು. "ನೆಗೆಟಿವ್" ಅನ್ನುವ ಒಂದು ಪದ ನಂಬಿ ಎರಡೂವರೆ ದಿನ ಸುಮ್ನೆ ಹೋಗಿತ್ತು. ಹೆಪಟೈಟಿಸ್ ಬಿಗೆ ಲಸಿಕೆ ಇದೆ. ಸೂಜಿ ಚುಚ್ಚಿದ ಮೇಲೂ ಅದು ಕೆಲಸ ಮಾಡುತ್ತದೆ, ಆದರೆ ಬೇಗ ಹಾಕಬೇಕು. ಆದಷ್ಟೂ 24 ಗಂಟೆಯ ಒಳಗೆ. ಅದರ ಜೊತೆಗೆ ಇಮ್ಯುನೊಗ್ಲೋಬ್ಯುಲಿನ್ ಅಂತ ಇನ್ನೊಂದು ಇಂಜೆಕ್ಷನ್ ಇದೆ. ಅದು ತಯಾರಾದ ಆಂಟಿಬಾಡಿಯನ್ನೇ ಮೈಗೆ ಕೊಡುವಂಥದ್ದು. ಸೂಜಿ ಚುಚ್ಚಿದ ಪ್ರಕರಣದಲ್ಲಿ ಅದಕ್ಕೆ 7 ದಿನದ ಗಡುವು. ಎಚ್‌ಐವಿ ತಡೆಯುವ ಮಾತ್ರೆ ಶುರು ಮಾಡುವುದಾದರೆ 72 ಗಂಟೆಯ ಒಳಗೆ. ನಾನು ಲೆಕ್ಕ ಹಾಕಿದೆ. ಅರವತ್ತು ಗಂಟೆ ಆಗುತ್ತಾ ಬಂದಿತ್ತು.

ಅಕ್ಕನಿಗೆ ಲಸಿಕೆ ಆಗಿದೆಯಾ ಅಂತ ಕೇಳಿದರೆ, ಒಮ್ಮೆ ಯಾವುದೋ ಕ್ಯಾಂಪಿನಲ್ಲಿ ತೋಳಿಗೆ ಸೂಜಿ ಮಾಡಿದ್ದರು ಅಂದರು. ಯಾವುದರದ್ದು ಗೊತ್ತಿಲ್ಲ, ಚೀಟಿ ಇಲ್ಲ. ಹೆಪಟೈಟಿಸ್ ಬಿ ಲಸಿಕೆ ನಮ್ಮ ದೇಶದ ಎಲ್ಲ ಮಕ್ಕಳ ಲಸಿಕೆ ಪಟ್ಟಿಗೆ ಸೇರಿದ್ದು 2011ರ ಹೊತ್ತಿಗೆ. ಅಕ್ಕನ ಮೊಮ್ಮಗಳಿಗೆ ಹುಟ್ಟಿದ ದಿನವೇ ಅದು ಸಿಕ್ಕಿದೆ. ಅಕ್ಕನ ತಲೆಮಾರಿಗೆ ಸಿಗಲಿಲ್ಲ. ಕಸ ಎತ್ತುವ, ಚರಂಡಿ ತೆಗೆಯುವ ಕೈಗಳೆಲ್ಲ ಹೆಚ್ಚಾಗಿ ಆ ತಲೆಮಾರಿನವೇ.

ಆ ರಾತ್ರಿಯೇ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಕಳಿಸಿದೆ. ಮೇಸ್ತ್ರಿ ಮತ್ತೆ ಬಂದ. ಆಸ್ಪತ್ರೆಯ ವೈದ್ಯರಿಗೆ ಫೋನ್ ಮಾಡಿ, ಲಸಿಕೆ ಹಾಕುವ ಮೊದಲು ರಕ್ತ ತೆಗೆದಿಡಿ ಅಂತ ಕೇಳಿಕೊಂಡೆ. ಎಚ್‌ಐವಿ ಭಾಗವನ್ನು ಅದರ ಚಿಕಿತ್ಸೆಯ ಎಆರ್‌ಟಿ ಕೇಂದ್ರದವರು ಬೇರೆಯಾಗಿ ನೋಡಿದರು. ಅದರ ಟೆಸ್ಟಿನ ದಿನಗಳೂ ಬೇರೆ, ಇಲ್ಲಿ ಬರೆಯುವುದಿಲ್ಲ.

ಮೊದಲ ದಿನದ ರಕ್ತ ಯಾಕೆ ಬೇಕು

ಚುಚ್ಚಿದ ಕೂಡಲೇ ಮಾಡುವ ಟೆಸ್ಟ್‌ಗೆ ಅರ್ಥವಿಲ್ಲ ಅಂತ ನಾನು ಹೇಳುತ್ತಿಲ್ಲ. ಅರ್ಥ ಇದೆ, ಅದು ಪಾಯ. ಪಾಯ ಹಾಕಿದ ದಿನವೇ ಮಾಳಿಗೆ ಆಯಿತು ಅಂದುಕೊಂಡರೆ ತಪ್ಪು ಅಷ್ಟೆ.

ಬುಧವಾರ ರಾತ್ರಿ ತೆಗೆದ ರಕ್ತವನ್ನು ಕಾರ್ಡಿನಲ್ಲಿ ಅಲ್ಲ, ಮಷೀನಿನಲ್ಲಿ ನೋಡಿದರು. ಎಚ್‌ಬಿಎಸ್‌ಎಜಿ ನೆಗೆಟಿವ್. ಹೆಪಟೈಟಿಸ್ ಬಿಯ ಕೋರ್ ಆಂಟಿಬಾಡಿ ಅಂತ ಇನ್ನೊಂದು ಟೆಸ್ಟ್ ಇದೆ. ಹಿಂದೆ ಯಾವಾಗಲಾದರೂ ಸೋಂಕು ಬಂದು ಹೋಗಿದ್ದರೆ ಅದು ಪಾಸಿಟಿವ್ ಇರುತ್ತದೆ. ಅದೂ ನೆಗೆಟಿವ್. ಹೆಪಟೈಟಿಸ್ ಸಿ ಆಂಟಿಬಾಡಿ ನೆಗೆಟಿವ್. ಲಿವರ್‌ಗೆ ಪೆಟ್ಟಾಗಿದೆಯೇ ಅಂತ ನೋಡುವ ಎಸ್‌ಜಿಪಿಟಿ ಟೆಸ್ಟ್ ಸರಿಯಾಗಿತ್ತು. ಈ ಎಸ್‌ಜಿಪಿಟಿ ವಿಷಯದಲ್ಲಿ ಒಂದು ಮಾತು: "ಲಿವರ್ ಟೆಸ್ಟ್ ನಾರ್ಮಲ್ ಐತಿ, ಹಂಗಾರ ಕಾಮಣಿ (ಕಾಮಾಲೆ) ಇಲ್ಲ" ಅಂತ ಬಹಳ ಜನ ಸಮಾಧಾನ ಮಾಡಿಕೊಳ್ಳುತ್ತಾರೆ. ಮೊದಲ ವಾರಗಳಲ್ಲಿ ಅದು ನಾರ್ಮಲ್ಲೇ ಇರುತ್ತದೆ. ಕಣ್ಣು ಹಳದಿ ಆಗಿಲ್ಲ ಅನ್ನುವುದೂ ಹಾಗೆಯೇ. ಹೆಪಟೈಟಿಸ್ ಬಿಯಲ್ಲಿ ಕಾಮಣಿ ಕಾಣಿಸುವುದಾದರೆ ಸರಾಸರಿ 3 ತಿಂಗಳಿಗೆ. ಎಷ್ಟೋ ಜನರಿಗೆ ಕಾಣಿಸುವುದೇ ಇಲ್ಲ. ಹೆಪಟೈಟಿಸ್ ಸಿಯಂತೂ ಹೆಚ್ಚಿನವರಲ್ಲಿ ವರ್ಷಗಟ್ಟಲೆ ಸದ್ದು ಮಾಡುವುದಿಲ್ಲ.

ಲಸಿಕೆಯ ಮೊದಲ ಡೋಸ್ ಆ ರಾತ್ರಿಯೇ ಆಯಿತು. ಸೂಜಿ ಯಾರದ್ದು ಅಂತ ಗೊತ್ತಿಲ್ಲದಿದ್ದರಿಂದ, ಅಕ್ಕನಿಗೆ ಲಸಿಕೆಯ ದಾಖಲೆಯೂ ಇಲ್ಲದ್ದರಿಂದ, ಇಮ್ಯುನೊಗ್ಲೋಬ್ಯುಲಿನ್ ಕೂಡ ಕೊಡುವುದೇ ಒಳ್ಳೆಯದು ಅಂತ ವೈದ್ಯರು ನಿರ್ಧರಿಸಿದರು. ಅದು ಕೂಡಲೇ ಸಿಗಲಿಲ್ಲ. ಹೊರಗಿನಿಂದ ತರಿಸಬೇಕಾಯಿತು.

ಶನಿವಾರದ ಪಾಸಿಟಿವ್

ಇಲ್ಲಿಂದ ಪ್ರಕರಣ ಬೇರೆ ದಾರಿ ಹಿಡಿಯಿತು.

ನೆಗೆಟಿವ್ ಬಂದ ಮೇಲೂ ಆಸ್ಪತ್ರೆಗೆ ಓಡಾಡುತ್ತಿದ್ದಾರೆ ಅಂದರೆ ಏನೋ ಮುಚ್ಚಿಡುತ್ತಿದ್ದಾರೆ ಅಂತ ಅಕ್ಕನ ಗಂಡನಿಗೆ ಅನುಮಾನ ಬಂತು. ಶನಿವಾರ ತಾನೇ ಕರೆದುಕೊಂಡು ಹೋಗಿ ಇನ್ನೊಂದು ಲ್ಯಾಬಿನಲ್ಲಿ ಟೆಸ್ಟ್ ಮಾಡಿಸಿದ. ಚುಚ್ಚಿದ 5ನೇ ದಿನ, ಲಸಿಕೆ ಹಾಕಿದ 3ನೇ ದಿನ. ಅಲ್ಲಿ ಒಳ್ಳೆಯ ಮಷೀನ್ ಇತ್ತು. ರಿಪೋರ್ಟ್: ಎಚ್‌ಬಿಎಸ್‌ಎಜಿ ರಿಯಾಕ್ಟಿವ್, ಅಂದರೆ ಪಾಸಿಟಿವ್. ಗಡಿ 1.0, ಅಕ್ಕನ ಅಂಕಿ 1.6.

ಸಂಜೆಗೆ ಅಕ್ಕನ ತಾಟು, ಲೋಟ ಬೇರೆ ಆಗಿತ್ತು. ಅತ್ತೆ ಅದನ್ನು ಹಿತ್ತಲ ಬಾಗಿಲ ಹತ್ತಿರ ಕಿಟಕಿಯಲ್ಲಿ ಇಟ್ಟಿದ್ದರು. ಮೊಮ್ಮಗಳನ್ನು ಎತ್ತಿಕೊಳ್ಳಬೇಡ ಅಂದರಂತೆ. ಇದನ್ನು ಅಕ್ಕ ನನಗೆ ಹೇಳಿದ್ದು ಎಷ್ಟೋ ತಿಂಗಳು ಆದ ಮೇಲೆ. ಹೇಳುವಾಗ ಬೈಯಲಿಲ್ಲ. "ಮುದುಕಿಗೆ ಅಂಜಿಕಿ ಅಲ್ವಾ, ಮತ್ತೇನ್ ಮಾಡ್ತಾಳ" ಅಂದರು. ಹೆಪಟೈಟಿಸ್ ಬಿ, ಸಿ ಎರಡೂ ಒಂದೇ ತಾಟಿನಲ್ಲಿ ಉಂಡರೆ, ಎತ್ತಿಕೊಂಡರೆ, ಜೊತೆಗೆ ಕೂತರೆ ಹರಡುವುದಿಲ್ಲ. ಊಟ, ನೀರಿನಿಂದ ಬರುವ ಕಾಮಣಿ ಎ ಮತ್ತು ಇ, ಅದು ಬೇರೆ. ನಮ್ಮ ಕಡೆ ಎಲ್ಲಕ್ಕೂ ಕಾಮಣಿ ಅಂತ ಒಂದೇ ಹೆಸರು ಇರುವುದರಿಂದ ಈ ಗೊಂದಲ.

ಶನಿವಾರ ರಾತ್ರಿ ಗಂಡ ರಿಪೋರ್ಟ್ ಹಿಡಿದು ನನ್ನ ಮನೆಗೇ ಬಂದ. "ನೀವು ಸೂಜಿ ಮಾಡ್ಸಿ ಅಂದ್ರಿ, ಈಗ ರೋಗ ಬಂತು ನೋಡ್ರಿ" ಅಂದ.

ಅವನ ಮಾತು ಅರ್ಧ ನಿಜ. ಆ ಪಾಸಿಟಿವ್ ಬಂದದ್ದು ಲಸಿಕೆಯಿಂದಲೇ. ಆದರೆ ರೋಗವಲ್ಲ. ಹೆಪಟೈಟಿಸ್ ಬಿ ಲಸಿಕೆಯಲ್ಲಿ ಇರುವುದೇ ಆ ಎಚ್‌ಬಿಎಸ್‌ಎಜಿ ಪ್ರೋಟೀನ್. ಫ್ಯಾಕ್ಟರಿಯಲ್ಲಿ ಯೀಸ್ಟ್‌ನಲ್ಲಿ ಬೆಳೆಸಿ, ಶುದ್ಧ ಮಾಡಿ ತುಂಬುತ್ತಾರೆ. ಅದರಲ್ಲಿ ವೈರಸ್ ಇಲ್ಲ, ಅದರಿಂದ ಸೋಂಕು ಬರಲು ಸಾಧ್ಯವಿಲ್ಲ. ಆದರೆ ತೋಳಿಗೆ ಹಾಕಿದ ಆ ಪ್ರೋಟೀನ್ ಕೆಲವು ದಿನ ರಕ್ತದಲ್ಲಿ ಓಡಾಡುತ್ತದೆ. ಸೂಕ್ಷ್ಮವಾದ ಮಷೀನ್ ಅದನ್ನೇ ಹಿಡಿದುಬಿಡುತ್ತದೆ. ಲಸಿಕೆಯ ನಂತರ 18 ದಿನದವರೆಗೂ ಹೀಗೆ ಪಾಸಿಟಿವ್ ಬಂದದ್ದು ದಾಖಲಾಗಿದೆ.

ಹಾಗಂತ ನಾನು ಊಹೆ ಮಾಡಿ ಹೇಳುವ ಹಾಗಿರಲಿಲ್ಲ. ಇಲ್ಲಿ ಬುಧವಾರ ರಾತ್ರಿಯ ರಕ್ತ ಕೆಲಸಕ್ಕೆ ಬಂತು. ಲಸಿಕೆಗೆ ಮೊದಲು ತೆಗೆದ ಆ ರಕ್ತದಲ್ಲಿ ಎಚ್‌ಬಿಎಸ್‌ಎಜಿ ಇರಲಿಲ್ಲ, ಕೋರ್ ಆಂಟಿಬಾಡಿಯೂ ಇರಲಿಲ್ಲ. ಅಂದರೆ ಹಳೆಯ ಸೋಂಕು ಅಲ್ಲ. ಸೋಮವಾರದ ಸೂಜಿಯಿಂದ ಬಂದದ್ದಾದರೆ 5 ದಿನಕ್ಕೇ ರಕ್ತದಲ್ಲಿ ಕಾಣುವುದು ತೀರಾ ಬೇಗ. ಉಳಿದದ್ದು ಲಸಿಕೆ. ಆ ಮೊದಲ ರಕ್ತ ತೆಗೆದಿಡದೆ ಇದ್ದಿದ್ದರೆ ಈ ಮೂರರಲ್ಲಿ ಯಾವುದು ಅಂತ ಆ ರಾತ್ರಿ ಯಾರಿಗೂ ಹೇಳಲು ಆಗುತ್ತಿರಲಿಲ್ಲ. ಅಕ್ಕನಿಗೆ ಹೆಪಟೈಟಿಸ್ ಬಿ ಅಂತ ಒಂದು ಫೈಲು ತಯಾರಾಗಿಬಿಡುತ್ತಿತ್ತು.

ಭಾನುವಾರ ಬೆಳಿಗ್ಗೆ ಇಮ್ಯುನೊಗ್ಲೋಬ್ಯುಲಿನ್ ಬಂತು. 6ನೇ ದಿನ. ಪಾಸಿಟಿವ್ ಬಂದಿದೆಯಲ್ಲ, ಇನ್ನು ಯಾಕೆ ಅದಕ್ಕೆ ದುಡ್ಡು ಅಂತ ಗಂಡ ಕೇಳಿದ. ನಿಜವಾಗಿ ಸೋಂಕು ಬೇರೂರಿದ್ದರೆ ಅದನ್ನು ಕೊಟ್ಟು ಉಪಯೋಗವಿಲ್ಲ, ಅವನ ಪ್ರಶ್ನೆ ಸರಿಯೇ. ವೈದ್ಯರು ಎರಡೂ ರಿಪೋರ್ಟ್ ಪಕ್ಕಪಕ್ಕ ಇಟ್ಟು, ತಾರೀಖಿನ ಮೇಲೆ ಬೆರಳಿಟ್ಟು ಅವನಿಗೆ ವಿವರಿಸಿದರು. ಹತ್ತು ನಿಮಿಷ ಹಿಡಿಯಿತಂತೆ. ಆಮೇಲೆ ಇಂಜೆಕ್ಷನ್ ಕೊಟ್ಟರು. ಭಾನುವಾರದ ತುರ್ತು ವಿಭಾಗದಲ್ಲಿ ಹತ್ತು ನಿಮಿಷ ಕೊಡುವುದು ಸಣ್ಣ ಮಾತಲ್ಲ. ಆ ವೈದ್ಯರಿಗೆ ನಾನು ಋಣಿ.

ಗೊಬ್ಬರದ ಅಂಗಡಿಯ ಕ್ಯಾಲೆಂಡರ್

ಸೋಮವಾರ ಗಂಡ ಹೆಂಡತಿ ಇಬ್ಬರೂ ಲ್ಯಾಬಿಗೆ ಬಂದರು. ಗೋಡೆಯ ಮೇಲೆ ಗೊಬ್ಬರದ ಅಂಗಡಿಯವರು ಕೊಟ್ಟ ಕ್ಯಾಲೆಂಡರ್ ಇತ್ತು. ಅದನ್ನು ಇಳಿಸಿ ಟೇಬಲ್ ಮೇಲೆ ಹರವಿ, ಮುಂದಿನ ಟೆಸ್ಟಿನ ದಿನಗಳ ಸುತ್ತ ಕೆಂಪು ಪೆನ್ನಿನಿಂದ ಗುಂಡು ಹಾಕುತ್ತಾ ಹೋದೆ. ಇವುಗಳ ನಡುವೆ ಯಾರು ಏನೇ ಹೇಳಿದರೂ ಎಚ್‌ಬಿಎಸ್‌ಎಜಿ ಟೆಸ್ಟ್ ಮಾಡಿಸಬೇಡಿ ಅಂತ ಗಂಡನಿಗೆ ಕೈ ಮುಗಿದು ಹೇಳಿದೆ. ಒಪ್ಪಿದ.

ಮೊದಲ ಗುಂಡು ಫೆಬ್ರುವರಿ ಕೊನೆಗೆ, ಚುಚ್ಚಿ ನಾಲ್ಕೂವರೆ ವಾರಕ್ಕೆ. ಆವತ್ತು ಲಸಿಕೆಯ ಎರಡನೇ ಡೋಸ್ ಕೂಡ ಇತ್ತು. ರಕ್ತ ಮೊದಲು, ಲಸಿಕೆ ಆಮೇಲೆ ಅಂತ ಕ್ಯಾಲೆಂಡರ್ ಮೇಲೆಯೇ ಬರೆದೆ. ತಿರುವುಮುರುವು ಆದರೆ ಶನಿವಾರದ ಕತೆಯೇ ಮತ್ತೆ. ಆವತ್ತು ಎಚ್‌ಬಿಎಸ್‌ಎಜಿ ನೆಗೆಟಿವ್ ಬಂತು. ಲಸಿಕೆಯ ಪ್ರೋಟೀನ್ ಕರಗಿತ್ತು. ಗಂಡನ ಮುಖ ನೋಡಬೇಕಿತ್ತು.

ಅದೇ ರಕ್ತದಿಂದ ಹೆಪಟೈಟಿಸ್ ಸಿ ವೈರಲ್ ಲೋಡ್ ಟೆಸ್ಟಿಗೂ ಕಳಿಸಿದರು. ಇದು ಆಂಟಿಬಾಡಿಗೆ ಕಾಯುವುದಿಲ್ಲ, ವೈರಸ್ಸಿನ ಆರ್‌ಎನ್‌ಎಯನ್ನೇ, ಅಂದರೆ ಅದರ ಒಳಗಿನ ವಂಶವಾಹಿಯನ್ನೇ ಹುಡುಕುತ್ತದೆ. ಸೋಂಕು ಬಂದ ಒಂದೆರಡು ವಾರಕ್ಕೇ ಅದು ಸಿಗುತ್ತದೆ. ಅದಕ್ಕೇ 3ರಿಂದ 6 ವಾರದ ಒಳಗೆ ಇದನ್ನು ಮಾಡಿಸಲು ಹೇಳುತ್ತಾರೆ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಹೆಪಟೈಟಿಸ್ ಬಿ, ಸಿ ಟೆಸ್ಟು, ಮಾತ್ರೆ ಉಚಿತ. ಇದು ಬಹಳ ಜನರಿಗೆ ಗೊತ್ತಿಲ್ಲ. ಮನೆಯ ಬಂಗಾರ ಒತ್ತೆ ಇಟ್ಟು ಹೊರಗೆ ಟೆಸ್ಟ್ ಮಾಡಿಸಿದವರನ್ನು ನಾನು ನೋಡಿದ್ದೇನೆ. ಸರ್ಕಾರಿ ಆಸ್ಪತ್ರೆಯಲ್ಲಿ ಒಮ್ಮೆ ಕೇಳಿ, ದಯವಿಟ್ಟು.

ಅಕ್ಕನ ಆರ್‌ಎನ್‌ಎ ಸಿಗಲಿಲ್ಲ. ಬಹಳ ದೊಡ್ಡ ಸಮಾಧಾನ. ಆದರೂ ಅದನ್ನೇ ಕೊನೆಯ ಮಾತು ಅಂತ ಹೇಳಲಿಲ್ಲ. ಸಿ ವೈರಸ್ ಮೊದಲ ತಿಂಗಳುಗಳಲ್ಲಿ ಕೆಲವೊಮ್ಮೆ ಏರುತ್ತದೆ, ಇಳಿಯುತ್ತದೆ. ಇಳಿದ ಹೊತ್ತಿಗೆ ರಕ್ತ ತೆಗೆದರೆ ತಪ್ಪಿಸಿಕೊಳ್ಳಬಹುದು. ಹಾಗಾಗಿ 4ರಿಂದ 6 ತಿಂಗಳಿಗೆ ಆಂಟಿಬಾಡಿ ಟೆಸ್ಟ್ ಮಾಡಿಯೇ ಫೈಲ್ ಮುಚ್ಚುವುದು. ಸಿಗೆ ಲಸಿಕೆ ಇಲ್ಲ, ಚುಚ್ಚಿದ ಮೇಲೆ ತಡೆಯುವ ಮಾತ್ರೆಯೂ ಇಲ್ಲ. ಆದರೆ ಬಂದರೆ ಸಾಮಾನ್ಯವಾಗಿ 12 ವಾರದ ಮಾತ್ರೆಯಲ್ಲಿ 100ಕ್ಕೆ 95ಕ್ಕಿಂತ ಜಾಸ್ತಿ ಜನ ಪೂರ್ತಿ ವಾಸಿಯಾಗುತ್ತಾರೆ. ಅಕ್ಕನಿಗೆ ನಿದ್ದೆ ಬಂದದ್ದು ಈ ಮಾತು ಕೇಳಿದ ಮೇಲೆ ಅಂತ ಆಮೇಲೆ ಹೇಳಿದರು.

ಅಂದ ಹಾಗೆ, ಬರುವ ಸಾಧ್ಯತೆ ಎಷ್ಟಿತ್ತು? ಸೂಜಿಯಲ್ಲಿ ನಿಜವಾಗಿ ಹೆಪಟೈಟಿಸ್ ಬಿ ಇದ್ದು, ಚುಚ್ಚಿಸಿಕೊಂಡವರಿಗೆ ಲಸಿಕೆ ಆಗಿರದಿದ್ದರೆ 100ರಲ್ಲಿ 6ರಿಂದ 30 ಜನರಿಗೆ ಬರಬಹುದು. ಸಿ ಇದ್ದರೆ 1000ಕ್ಕೆ ಸುಮಾರು 2 ಅನ್ನುವುದು ಈಚಿನ ಲೆಕ್ಕ, ಹಿಂದೆ 100ಕ್ಕೆ 2ರ ಹತ್ತಿರ ಅನ್ನುತ್ತಿದ್ದರು. ಇವು ಆಸ್ಪತ್ರೆಯಲ್ಲಿ ಹಸಿ ರಕ್ತದ ಸೂಜಿ ಚುಚ್ಚಿದ ಲೆಕ್ಕ. ಕಸದಲ್ಲಿ ಬಿದ್ದು ಒಣಗಿದ ಸೂಜಿಯಲ್ಲಿ ಅಪಾಯ ಇದಕ್ಕಿಂತ ಕಡಿಮೆ. ಆದರೆ ಬಿ ವೈರಸ್ ಗಟ್ಟಿ ಜೀವ. ಮೈಯಿಂದ ಹೊರಗೆ, ಒಣಗಿದ ರಕ್ತದಲ್ಲೂ ಕನಿಷ್ಠ 7 ದಿನ ಬದುಕುತ್ತದೆ. ಸಿರಿಂಜ್ ಒಳಗಿನ ಆ ಕಂದು ಕಲೆಯನ್ನು ಅದಕ್ಕೇ ಲಘುವಾಗಿ ತೆಗೆದುಕೊಳ್ಳಲಿಲ್ಲ.

ಕಾಯುವ ತಿಂಗಳುಗಳಲ್ಲಿ ಅಕ್ಕ ಕೆಲಸ ಬಿಡಬೇಕಾಗಿರಲಿಲ್ಲ, ಬಿಡಲೂ ಇಲ್ಲ. ರಕ್ತದಾನ ಮಾಡಬಾರದು, ಬ್ಲೇಡು, ಟೂತ್‌ಬ್ರಷ್ ಹಂಚಿಕೊಳ್ಳಬಾರದು, ಗಂಡ ನಿರೋಧ್ ಬಳಸಬೇಕು. ಇಷ್ಟೇ ಕಟ್ಟುಪಾಡು. ಕೊನೆಯದನ್ನು ನಾನು ಗಂಡನನ್ನು ಹೊರಗೆ ಕರೆದು ಹೇಳಿದೆ. ತಾಟಿನ ವಿಷಯ ನಮ್ಮ ಆಶಾ ಕಾರ್ಯಕರ್ತೆ ಮನೆಗೆ ಹೋಗಿ ಸರಿ ಮಾಡಿದರು. ಅತ್ತೆಯ ಎದುರಿಗೇ ಅಕ್ಕನ ತಾಟಿನಲ್ಲಿ ರೊಟ್ಟಿ ಹಾಕಿಸಿಕೊಂಡು ಉಂಡು ಬಂದರು. ಅದರ ಮುಂದೆ ನನ್ನ ಕ್ಯಾಲೆಂಡರ್ ಏನೂ ಅಲ್ಲ.

ನಡುವೆ ಒಂದು ಆತಂಕ. ಏಪ್ರಿಲ್‌ನಲ್ಲಿ ಅಕ್ಕನಿಗೆ ಮತ್ತೆ ಕೈಗೆ ಗಾಯ ಆಯಿತು. ಓಡಿ ಬಂದರು. ನೋಡಿದರೆ ತಗಡು ಗೀರಿದ್ದು, ಸೂಜಿ ಅಲ್ಲ. ಧನುರ್ವಾಯು ಇಂಜೆಕ್ಷನ್ ಮಾಡಿಸಿ ಕಳಿಸಿದೆವು. ಸೂಜಿ ಆಗಿದ್ದರೆ ಹೆಪಟೈಟಿಸ್ ಸಿಯ ದಿನದ ಎಣಿಕೆ ಆವತ್ತಿನಿಂದ ಮತ್ತೆ ಒಂದು, ಎರಡು ಅಂತ ಶುರುವಾಗಬೇಕಿತ್ತು. ಪ್ರತಿ ಸಲ ಚುಚ್ಚಿದಾಗಲೂ ಹೊಸ ಎಣಿಕೆ. ದಿನಾ ಕಸದಲ್ಲಿ ಕೈ ಹಾಕುವವರಿಗೆ ಇದು ಮುಗಿಯದ ಲೆಕ್ಕ. ಜಾತ್ರೆಯಲ್ಲಿ ಹಚ್ಚೆ ಹಾಕಿಸಿಕೊಂಡ ಹುಡುಗರಿಗೂ, ಕ್ಷೌರದಂಗಡಿಯ ಹಳೆ ಬ್ಲೇಡಿನಿಂದ ಗಾಯವಾದವರಿಗೂ ಇದೇ ಎಣಿಕೆ. ಕಡೆಯ ಸಲ ಅಪಾಯ ಆದ ದಿನ ಯಾವುದು ಅಂತ ಮೊದಲು ಕೇಳಬೇಕು.

ಜುಲೈ, ಸೆಪ್ಟೆಂಬರ್

ಎರಡನೇ ಗುಂಡು ಜುಲೈ ಕೊನೆಗೆ, ಪೂರ್ತಿ 6 ತಿಂಗಳಿಗೆ. ಕಾಲುವೆಗೆ ನೀರು ಬಿಡುವ ಮಾತು ನಡೆಯುತ್ತಿತ್ತು, ಸಸಿ ನಾಟಿಗೆ ಆಳು ಸಿಗದ ಸಮಯ. ಅಕ್ಕ ಬೆಳಗಿನ ಪಾಳಿ ಮುಗಿಸಿ, ಹಾಗೇ ಬಂದಿದ್ದರು. ಅದೇ ವಾರ ಜುಲೈ 28, ವಿಶ್ವ ಹೆಪಟೈಟಿಸ್ ದಿನ. ಹೆಪಟೈಟಿಸ್ ಬಿ ವೈರಸ್ಸಿನ ಆ ಪ್ರೋಟೀನನ್ನು ಮೊದಲು ಗುರುತಿಸಿ, 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲುಂಬರ್ಗ್ ಹುಟ್ಟಿದ ದಿನ ಅದು. ಆಸ್ಪತ್ರೆಯ ಗೋಡೆಗೆ ಪೋಸ್ಟರ್ ಅಂಟಿಸಿದ್ದರು. ಅಕ್ಕ ಅದರ ಕೆಳಗೇ ಬೆಂಚಿನ ಮೇಲೆ ಕೂತಿದ್ದರು.

ಈ ಸಲ ಮೂರು ಟೆಸ್ಟ್. ಎಚ್‌ಬಿಎಸ್‌ಎಜಿ, ಕೋರ್ ಆಂಟಿಬಾಡಿ, ಹೆಪಟೈಟಿಸ್ ಸಿ ಆಂಟಿಬಾಡಿ. ಎಚ್‌ಬಿಎಸ್‌ಎಜಿ ಒಂದೇ ಯಾಕೆ ಸಾಲದು ಅಂದರೆ, ದೊಡ್ಡವರಿಗೆ ಬಿ ಸೋಂಕು ಬಂದರೆ 100ಕ್ಕೆ ಸುಮಾರು 95 ಜನರಲ್ಲಿ ಮೈ ತಾನೇ ಅದನ್ನು ಗೆಲ್ಲುತ್ತದೆ. ಹಾಗೆ ಗೆಲ್ಲುವಾಗ ಎಚ್‌ಬಿಎಸ್‌ಎಜಿ ಮರೆಯಾಗಿ, ಕಾಪಾಡುವ ಆಂಟಿಬಾಡಿ ಇನ್ನೂ ಬಂದಿರದ ಒಂದು ನಡುಗಾಲ ಇರುತ್ತದೆ. ಆಗ ಬರೀ ಎಚ್‌ಬಿಎಸ್‌ಎಜಿ ನೋಡಿದವರು ನೆಗೆಟಿವ್ ಅಂದುಬಿಡುತ್ತಾರೆ. ಕೋರ್ ಆಂಟಿಬಾಡಿ ಮಾತ್ರ ಗುಟ್ಟು ಬಿಟ್ಟುಕೊಡುತ್ತದೆ. ಲಸಿಕೆಯಿಂದ ಕೋರ್ ಆಂಟಿಬಾಡಿ ಬರುವುದಿಲ್ಲ, ಸೋಂಕಿನಿಂದ ಮಾತ್ರ ಬರುತ್ತದೆ. ಹಾಗಾಗಿ ಅಕ್ಕನಂಥವರಲ್ಲಿ ಅದೇ ನಂಬುವ ಸಾಕ್ಷಿ.

ಮೂರೂ ನೆಗೆಟಿವ್. ಮೊದಲ ಸೋಮವಾರ ಬಂದದ್ದೂ ಇದೇ ಪದ. ಆದರೆ ಈ ನೆಗೆಟಿವ್ ಸೂಜಿಯ ಪ್ರಶ್ನೆಗೆ ಕೊಟ್ಟ ಉತ್ತರ. ರಕ್ತ ತೆಗೆದ ಮೇಲೆ ಲಸಿಕೆಯ ಮೂರನೇ ಡೋಸ್ ಆಯಿತು.

ಮೂರನೇ ಗುಂಡು ಸೆಪ್ಟೆಂಬರ್ ಕೊನೆಗೆ. ಇದು ಸೋಂಕಿಗಲ್ಲ, ಲಸಿಕೆ ಹತ್ತಿತೋ ಇಲ್ಲವೋ ನೋಡಲು. ಕಡೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ಆಂಟಿ ಎಚ್‌ಬಿಎಸ್, ಅಂದರೆ ಕಾಪಾಡುವ ಆಂಟಿಬಾಡಿ ಎಷ್ಟಿದೆ ಅಂತ ನೋಡಬೇಕು. 10 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ರಕ್ಷಣೆ ಇದೆ ಅಂತ. ಇದನ್ನೇ ಫೆಬ್ರುವರಿಯಲ್ಲೋ ಮಾರ್ಚ್‌ನಲ್ಲೋ ಮಾಡಿದ್ದರೆ ಅಂಕಿ ಚೆನ್ನಾಗಿಯೇ ಬರುತ್ತಿತ್ತು, ಆದರೆ ಅದು ಇಮ್ಯುನೊಗ್ಲೋಬ್ಯುಲಿನ್‌ನಿಂದ ಬಂದ ಕಡದ ಆಂಟಿಬಾಡಿ. ಕೆಲವು ತಿಂಗಳಲ್ಲಿ ಇಳಿದು ಹೋಗುವಂಥದ್ದು. ಅದು ಕರಗಲು 6 ತಿಂಗಳು ಬಿಡಬೇಕು. ಸೆಪ್ಟೆಂಬರ್ ಹೊತ್ತಿಗೆ ಸುಮಾರು 8 ತಿಂಗಳಾಗಿತ್ತು. ಅಕ್ಕನ ಅಂಕಿ 186. ಸ್ವಂತದ್ದು.

ರಿಪೋರ್ಟ್ ಕೊಟ್ಟಾಗ ಅಕ್ಕ ಅಂಕಿ ನೋಡಲಿಲ್ಲ. ಮೇಲೆ ಬಲಗಡೆ ಬೆರಳಿಟ್ಟು, "ಇದು ರಕ್ತ ತಗೊಂಡ ತಾರೀಖೋ, ಪ್ರಿಂಟ್ ತೆಗೆದ ತಾರೀಖೋ?" ಅಂತ ಕೇಳಿದರು. ಪ್ರಿಂಟ್ ತೆಗೆದದ್ದಾಗಿತ್ತು. ರಕ್ತ ತೆಗೆದ ತಾರೀಖನ್ನು ಪೆನ್ನಿನಿಂದ ಬರೆದು ಸಹಿ ಮಾಡಿಕೊಟ್ಟೆ. ಅವತ್ತಿನಿಂದ ನಮ್ಮ ಲ್ಯಾಬಿನ ಹೆಪಟೈಟಿಸ್ ರಿಪೋರ್ಟುಗಳಲ್ಲಿ ಒಂದು ಸಾಲು ಜಾಸ್ತಿ ಇದೆ: ಅಪಾಯ ಆದ ದಿನ, ರಕ್ತ ತೆಗೆದ ದಿನ, ನಡುವೆ ಎಷ್ಟು ದಿನ.

ಮುಂದಿನ ಬುಧವಾರ ಅಕ್ಕ ತಮ್ಮ ಜೊತೆ ಕೆಲಸ ಮಾಡುವ ಮೂವರನ್ನು ಕರೆದುಕೊಂಡು ಬಂದರು. ಯಾರಿಗೂ ಸೂಜಿ ಚುಚ್ಚಿರಲಿಲ್ಲ. ಲಸಿಕೆ ಹಾಕಿಸಲು ಬಂದಿದ್ದರು. ಅವರ ಎರಡನೇ ಡೋಸಿನ ದಿನಕ್ಕೆ ಅದೇ ಕ್ಯಾಲೆಂಡರಿನಲ್ಲಿ ಗುಂಡು ಹಾಕಿದೆ.